ನೆಲಕ್ಕ ತಾಗದ ಬಡಿಗಿ

ನಾವು ಕಾಕಾ ಅಂತಿದ್ದ ಸಾವಕಾರ್ರು ತೀರಿಕೊಂಡ ಸುದ್ದಿ ನನಗ ಹೇಳಿದಾವ ಗೋಕಾಕ ಸಂತಿಯೊಳಗ ಬದನಿಕಾಯಿ ಮಾರಾವ. “ಹತ್ತಿ ಸಾವಕಾರ್ರು ಹೋದ್ರಂತಲ್ರಿ ಮಾಸ್ತರ, ನಿಮಗ ಗೊತ್ತಾಗಲಿಲ್ಲೇನು?” ಅಂತ ತೂಕಾ ಮಾಡ್ಕೋತನ ಕೇಳಿದ. ಚೀಲಾ ಅಲ್ಲೇ ಬಿಟ್ಟು ಅವರ ಮನೀಗೆ ಓಡಿದೆ. ಅಂಗಳದಾಗ ಮಂದಿ ಕೂತಿತ್ತು. ಒಬ್ಬಾವ ಅವರ ನೇಮದ ಮಾತು ಹೇಳಿದ, ಇನ್ನೊಬ್ಬಾವ ವ್ಯಾಪಾರದ ಮಾತು ಹೇಳಿದ, ಮತ್ತೊಬ್ಬಾವ ಬಸದಿಗೆ ಅವರು ಹಾಸಿಸಿದ ಕಲ್ಲಿನ ಮಾತು ಎತ್ತಿದ. ಎಲ್ಲಾ ಖರೆ. ಆದ್ರ ಅವರ ಬೀಸಿನ ಮಾತು ಯಾರೊಬ್ರೂ ಎತ್ತಲಿಲ್ಲ. ನನಗ ಸಂಕಟಾನೂ ಆತು, ಸಿಟ್ಟೂ ಬಂತು. ಅಲ್ರಪಾ, ಒಂದು ಬಿಳೇ ಚೆಂಡಿನ ಬೆನ್ನ ಹತ್ತಿ ಅರ್ಧಾ ಆಯುಷ್ಯ ಕಳದಾವ್ರನ್ನ ಹತ್ತಿ ದರದಾಗ ಮುಗಿಸಿಬಿಡೋದೇನು? ಅದಕ್ಕ ನಾ ಇದನ್ನ ಬರಿಯಾಕ ಕೂತೇನಿ.

ಬೀಸು ಅಂದ್ರ ಗೋಲ್ಫ ಆಟದ ಬೀಸು. ನಗಬ್ಯಾಡ್ರಿ. ಎರಡನೇ ಮಹಾಯುದ್ಧ ಶುರು ಆಗೂಕಿಂತ ಮುಂಚೆ ನಮ್ಮ ಗೋಕಾಕ ತಾಲೂಕಿನಾಗ ಒಬ್ಬ ಜೈನ ಹತ್ತಿ ವ್ಯಾಪಾರಿ ಗೋಲ್ಫ ಆಡ್ತಿದ್ರು ಅಂದ್ರ ಇವತ್ತ ಯಾರೂ ನಂಬಾಂಗಿಲ್ಲ. ಆವಾಗೂ ನಂಬ್ತಿರಲಿಲ್ಲ. ಕಣ್ಣಾರೆ ನೋಡಿದಾವ್ರು ಸುದ್ದಾ “ಸಾವಕಾರ್ರು ಹಾವ ಹೊಡಿಯಾಕ ಹೊಂಟಾರ” ಅಂತ ಅಂದ್ಕೋತಿದ್ರು. ಪಾಪ, ಅವರಿಗೇನು ಗೊತ್ತು, ಹಾವ ಕಂಡ್ರ ಕಾಕಾ ರುಮಾಲ ಸರಿ ಮಾಡ್ಕೊಂಡು ದಾರಿ ಬಿಟ್ಟು ನಿಲ್ಲೋ ಪೈಕಿ.

ಎತ್ತರದ ಆಳು. ಸೊರಗಿದ ಮೈ. ಕರೇ ಕೋಟು, ಬಿಳೇ ಧೋತರ, ತಲೀಮ್ಯಾಲ ಕೆಂಪು ರುಮಾಲ. ನಡಿಯೋವಾಗ ಯಾವತ್ತೂ ನೆಲಾ ನೋಡ್ಕೋತ ನಡೀತಿದ್ರು. ಎದುರು ಬಂದಾವ್ರು ನಮಸ್ಕಾರ ಮಾಡಿದ್ರ ಮೊದಲ ಅವರ ಕಾಲಿಗೆ “ಬರ್ರಿ, ಬರ್ರಿ” ಅಂದು, ಆಮ್ಯಾಲ ಮಾರಿ ನೋಡ್ತಿದ್ರು. ಕಣ್ಣು ಮಾತ್ರ ಎಲ್ಲೋ ಇರ್ತಿದ್ವು. ಮಾತಾಡ್ತಾ ಮಾತಾಡ್ತಾ ನಡುವ ಸುಮ್ಮನಾಗಿಬಿಡ್ತಿದ್ರು, ನಾವು ಕಾಯಬೇಕು. ಸ್ವಲ್ಪ ಹೊತ್ತಿನ ಮ್ಯಾಲ ತಿರುಗಿ ಬಂದು “ಹಾಂ, ಏನಂತಿದ್ರಿ ಮಾಸ್ತರ?” ಅಂತ ಕೇಳ್ತಿದ್ರು. ಎಲ್ಲಿಗೆ ಹೋಗಿದ್ರಿ ಅಂತ ಒಮ್ಮಿ ಕೇಳಿದ್ದಕ್ಕ, ಸಣ್ಣ ಮಕ್ಕಳಂಗ ನಾಚಿ, “ಹಸಿರಿನ ಮ್ಯಾಲ ಹೋಗಿದ್ದೆ” ಅಂದ್ರು.

ಅವರ ಮೂಲ ಮುದಲಗಿ. ಹತ್ತಿ ವ್ಯಾಪಾರಕ್ಕಂತ ಅವರ ತಂದಿ ಕಾಲದಾಗ ಗೋಕಾಕಕ್ಕ ಬಂದ ಮನಿ. ನಮ್ಮ ಕಡೆ ಜೈನರಂದ್ರ ಹೆಚ್ಚಾಗಿ ಒಕ್ಕಲುತನದಾವ್ರ, ನೇಗಿಲ ಹಿಡಿದಾವ್ರ. ಕಾಕಾನ ಮನೀದು ಮಾತ್ರ ತಲಿಮಾರಿನಿಂದ ತಕ್ಕಡಿ ಕೆಲಸ. ಅವರ ಹೆಂಡ್ತಿ ಕಾಕೂನ ತವರು ಹುಕ್ಕೇರಿ. ನಾನೂ ಹುಕ್ಕೇರಿಯಾವ. ಹಿಂಗಾಗಿ ಗೋಕಾಕದ ಸಾಲಿಗೆ ನಾ ಮಾಸ್ತರಾಗಿ ಬಂದ ವರ್ಷನ ಕಾಕೂ ನನ್ನ ಕರದು, “ತವರೂರಾವ ಬಂದಾನ, ಹಸಗೊಂಡ ಮಲಗಬಾರದು” ಅಂತ ರೊಟ್ಟಿ ಹಾಕಿದ್ರು. ಹೊತ್ತು ಮುಣುಗೂಕಿಂತ ಮೊದಲ ಊಟಾ ಆಗಬೇಕು, ಅದು ಆ ಮನಿ ರೀತಿ. ಸಾಲಿ ಬಿಟ್ಟ ಕೂಡ್ಲೆ ನಾ ಉಣ್ಣಾಕ ಹೋಗಾವ, ಉಂಡ ಮ್ಯಾಲ ಕಾಕಾ ತಮ್ಮ ಚೀಲಾ ತಗಿಯಾವ್ರು.

ಆ ಚೀಲದ ಕತಿ ಹೇಳಬೇಕು. ಕಾಲುವಿ ಬಾಜೂಕ ಇಂಜಿನಿಯರ್ ಸಾಹೇಬರ ಬಂಗಲೆ ಇತ್ತು. ಅದರ ಮುಂದ ಅವರದೊಂದು ಗೋಲ್ಫ ಮೈದಾನ. ಕಾಲುವಿ ನೀರು ಬಿಡಾಕ ಬರ್ತಿತ್ತು, ಹಿಂಗಾಗಿ ಸುತ್ತಮುತ್ತ ನೆಲಾ ಬಿರತು ಬಾಯಿ ಬಿಟ್ಟಾಗೂ ಅಲ್ಲಿ ಅಷ್ಟ ಹಸಿರು. ಒಂದು ಬ್ಯಾಸಗಿಯೊಳಗ ಹತ್ತಿ ಗಾಡಿ ಹಿಂದ ಹೊಂಟಿದ್ದ ಕಾಕಾ ಅದನ್ನ ನೋಡಿ ನಿಂತ್ರು. ಅವತ್ತಿನ ಮುದುಕ ಸಾಹೇಬಾ ಭಾಳ ಒಳ್ಳೆಯಾವ. ಕರದು ಕೈಯಾಗ ಒಂದು ಕಬ್ಬಿಣದ ಮೂತಿ ಇದ್ದ ಬಡಿಗಿ ಕೊಟ್ಟು, ಹೊಡಿ ಅಂದ. ಕಾಕಾ ಬೀಸಿದ್ರು. ಏಟು ಗಾಳಿಗೆ ಬಿತ್ತು. ಮತ್ತ ಬೀಸಿದ್ರು. ಮತ್ತ ಗಾಳಿ. ಆಮ್ಯಾಲ ಸಾಹೇಬಾ ತಾ ಬೀಸಿ ತೋರಿಸಿದ. ಚೆಂಡು ಎದ್ದು, ಬೆಳ್ಳಕ್ಕಿ ಹಂಗ ಮ್ಯಾಲ ಹೋಗಿ, ಅಲ್ಲೆ ಒಂದಿಷ್ಟು ವಿಚಾರ ಮಾಡಿ, ಸಾವಕಾಶ ಇಳೀತಂತ. “ಮಾಸ್ತರ, ಅದು ಮ್ಯಾಲ ನಿಂತಿತ್ತಲ್ಲ, ಆ ಹೊತ್ತಿನಾಗ ನನಗ ಏನೂ ಬ್ಯಾಡಾಗಿತ್ತು ನೋಡ್ರಿ. ಹತ್ತಿ ಬ್ಯಾಡ, ಗಾಡಿ ಬ್ಯಾಡ, ನನ್ನ ಹೆಸರ ಸುದ್ದಾ ಬ್ಯಾಡ” ಅಂತ ಕಾಕಾ ಹೇಳಾವ್ರು. ಮುದುಕ ಸಾಹೇಬಾ ವಿಲಾಯತಿಗೆ ಹೋಗೋವಾಗ ತನ್ನ ಹಳೇ ಬಡಿಗಿ ತುಂಬಿದ ತೊಗಲಿನ ಚೀಲಾ ಇವರಿಗೇ ಕೊಟ್ಟು ಹೋದ.

ಚೀಲಾ ಸಿಕ್ತು, ಮೈದಾನ ಕೈ ಬಿಟ್ಟು ಹೋತು. ಆಮ್ಯಾಲ ಬಂದ ಸಾಹೇಬರಿಗೆ ಇವರು ಗೊತ್ತಿಲ್ಲ. ಕಾಕಾ ಸುಮ್ಮನ ಕೂಡಲಿಲ್ಲ. ಮೇಲವಂಕಿ ದಾರಿಯಾಗ ಅವರದೊಂದು ಬೀಳು ಮಡ್ಡಿ ಇತ್ತು. ಹುಲ್ಲಿಲ್ಲ, ಮಣ್ಣಿಲ್ಲ, ಬರೇ ಬಂಡಿಗಲ್ಲು. ಅದನ್ನ ಅವರು ಗೋಲ್ಫ ಮೈದಾನ ಅಂದ್ರು. ಆ ಆಟದಾಗ ಚೆಂಡು ಕಡೀಕ ಒಂದು ಕುಣಿಯೊಳಗ ಬೀಳಬೇಕು. ಇವರು ಕುಣಿ ತೋಡಿಸಲಿಲ್ಲ. ಬಂಡಿಗಲ್ಲಿನ ಮ್ಯಾಲ ಮಳಿ ನೀರು ನಿಂತು ತಾನ ಆದ ಕುಳಿಗಳಿದ್ವಲ್ಲ, ಅವನ್ನ ಆರಿಸಿ ಒಂದೊಂದರ ಬಾಜೂಕ ಒಂದೊಂದು ಕೆಂಪು ಅರಬಿ ಕಟ್ಟಿದ ಕೋಲು ನಿಲ್ಲಿಸಿದ್ರು. ಮೇಲವಂಕಿ ರೈತರು ಅದು ಯಾವದೋ ದೇವರ ಜಾಗಾ ಅಂತ ಕಾಯಿ ಒಡದು ಹೋಗಾಕ ಸುರು ಮಾಡಿದ್ರು. ಕಾಕಾ ಬ್ಯಾಡ ಅನ್ನಲಿಲ್ಲ. “ಒಡೀಲಿ ಬಿಡ್ರಿ, ಕೊಬ್ಬರಿ ನಮಗ ಆತು” ಅಂದ್ರು.

ಐತವಾರಕ್ಕೊಮ್ಮಿ ಅಲ್ಲಿ ಆಡಾವ್ರು ಮೂರು ಮಂದಿ: ಕಾಕಾ, ನಾ, ಮತ್ತ ಪ್ಯಾಟಿ ಹಕೀಮ ಸಾಹೇಬ್ರು. ಹಕೀಮರು ಕಾಕಾನ ಸಣ್ಣಂದಿನ ಗೆಳ್ಯಾ. ದಪ್ಪ ಮೈ, ದಪ್ಪ ದನಿ. ನಾಡಿ ಹಿಡದ ಕೂಡ್ಲೆ ಬೈಯಾಕ ಸುರು ಮಾಡೋ ಮನಷ್ಯಾರು. ಅವರು ಬೀಸಿದ್ರ ಚೆಂಡು ಹೋಗ್ತಿತ್ತು, ಆದ್ರ ಎತ್ತಾಗ ಹೋಗ್ತಿತ್ತು ಅನ್ನೋದು ಆ ಅಲ್ಲಾಗ ಗೊತ್ತು. ನಾನಂತೂ ಹಗ್ಗಾ ಎಳಿಯೋರಂಗ ಬಡಿಗಿ ಹಿಡೀತಿದ್ದೆ. ಕಾಕಾ ಬಂದು ನನ್ನ ಬೆರಳು ಒಂದೊಂದ ಸಡ್ಲ ಮಾಡಿ, “ಹಕ್ಕಿಮರಿ ಹಿಡ್ದೀರಿ ಅಂತ ತಿಳ್ಕೋರ್ರಿ ಮಾಸ್ತರ. ಹಾರಿ ಹೋಗಬಾರದು, ಸಾಯಬಾರದು” ಅಂತಿದ್ರು. ಹಕೀಮರಿಗೆ, “ಯಾಕಷ್ಟು ಅವಸರ? ಮ್ಯಾಲ ಹೋದ ಬಡಿಗಿ ಅಲ್ಲೆ ಒಂದು ಉಸರು ನಿಲ್ಲಲಿ, ಆಮ್ಯಾಲ ಬರಲಿ” ಅಂತಿದ್ರು. ಮಂದಿ ತಪ್ಪು ತಿದ್ದೋದ್ರಾಗ ಅವರ ಕೈ ಹಿಡಿಯಾವ್ರಿರಲಿಲ್ಲ. ನಮ್ಮಿಬ್ಬರ ಬೀಸು ವರ್ಷ ಒಪ್ಪತ್ತಿನಾಗ ಸುಮಾರು ಸುಧಾರಿಸಿತು ಸುದ್ದಾ. ಸುಧಾರಿಸದೆ ಉಳಿದದ್ದು ಅವರದ.

ಅವರ ಬೀಸು ನೋಡಬೇಕಿತ್ತು ನೀವು. ಬಡಿಗಿ ಮ್ಯಾಲ ಹೋಗೋವಾಗ ಹೆಂಗ ಅಂತೀರಿ, ಎಣ್ಣಿ ಸುರಿದಂಗ. ಮ್ಯಾಲ ಒಂದು ಉಸರು ನಿಲ್ತಿತ್ತು. ಇಳಿಯಾಕ ಹತ್ತಿದಾಗ ನಾನೂ ಹಕೀಮರೂ ಉಸರು ಬಿಗಿ ಹಿಡೀತಿದ್ವಿ. ಇನ್ನೇನು ಚೆಂಡಿಗೆ ತಾಗಬೇಕು, ಅಷ್ಟರಾಗ ಕಾಕಾನ ಮೈ ಇಡಿಯಾಗಿ ಮ್ಯಾಲ ಎದ್ದುಬಿಡ್ತಿತ್ತು. ಬಡಿಗಿ ಚೆಂಡಿನ ನೆತ್ತಿ ಸವರಿ ಹೋಗ್ತಿತ್ತು. ಚೆಂಡು ಇಲಿ ಓಡಿದಂಗ ಪುಳಪುಳ ಓಡಿ ಯಾವದರೆ ಕಲ್ಲಿಗೆ ಬಡದು ನಿಲ್ತಿತ್ತು. “ಥೂ ಇದರ” ಅಂತ ಹಕೀಮರು. “ಇರ್ಲಿ ಇರ್ಲಿ, ಓಡೇತಿ” ಅಂತ ಕಾಕಾ.

ಆಟದ ಹುಚ್ಚು ಎಷ್ಟಿತ್ತಂದ್ರ ಅದು ವ್ಯಾಪಾರದಾಗೂ ನುಗ್ಗಿತ್ತು. ಹತ್ತಿ ಪ್ಯಾಟ್ಯಾಗ ದರಾ ಬಾಯಿಂದ ಹೇಳೂದಿಲ್ಲ. ಇಬ್ಬರ ಕೈಮ್ಯಾಲ ಒಂದು ವಸ್ತ್ರ ಮುಚ್ಚಿ, ಅದರ ಕೆಳಗ ಬೆರಳು ಹಿಡದು ತಿಳಿಸ್ತಾರ. ಒಂದು ದಿನ ಕಾಕಾ ಒಬ್ಬ ದಲಾಲನ ಕೈ ಹಿಡಕೊಂಡು ವಸ್ತ್ರದ ಕೆಳಗ ಎಷ್ಟೋ ಹೊತ್ತು ಕೂತ್ರು. ದಲಾಲ ಬೆವತು ಹೋದ. “ಕಾಕಾರ, ಇದು ಯಾವ ಊರ ದರಾರಿ? ನನಗ ತಿಳಿವಲ್ದು” ಅಂದ. ಇವರು ಅವನ ಬೆರಳಿಗೆ ತಮ್ಮ ಬೆರಳು ಹೆಣದು ಬಡಿಗಿ ಹಿಡಿಯೋದನ್ನ ರೂಢಿ ಮಾಡ್ಕೋತ ಕೂತಿದ್ರು. ಕಣಗಲಾದಾಗ ಬೀಗರ ಲಗ್ನದಾಗ ಹಂದರದ ಹಿಂದ ನಿಂತು ಛತ್ರಿ ಬೀಸಿ, ಯಾರದೋ ತುಂಬಿದ ತಂಬಿಗಿ ಹಾರಿಸಿದ್ದೂ ಐತಿ. ಕಾಕೂ ಅವತ್ತಿನಿಂದ ಊರಿಗೆ ಹೋಗೋವಾಗ ಛತ್ರಿ ತಮ್ಮ ಕೈಯಾಗ ಇಟ್ಕೋತಿದ್ರು.

ಆಷಾಢದಿಂದ ಕಾರ್ತೀಕದ ತನಕ ಚಾತುರ್ಮಾಸ. ಆ ನಾಕು ತಿಂಗಳು ನೇಮಸ್ತ ಜೈನರು ಹುಲ್ಲು ತುಳಿಯಾಂಗಿಲ್ಲ, ಮಳಿಗಾಲದಾಗ ನೆಲಾ ತುಂಬ ಜೀವ ಅಂತ. ಮಡ್ಡಿ ಕಲ್ಲಿನ ಸಂದಿನಾಗೂ ಮಳಿಗೆ ಹುಲ್ಲು ಚಿಗೀತಿತ್ತು, ಕಾಕಾ ಅಲ್ಲಿಗೆ ಬರೂದು ನಿಂತುಬಿಡ್ತಿತ್ತು. ವರ್ಷಾ ವರ್ಷಾ ಇದ ಹಾಡು. ಬೀಸು ಒಂದಿಷ್ಟು ಹದಕ್ಕ ಬರಾಕತ್ತಿತು ಅನ್ನೋದರಾಗ ಮಳಿಗಾಲ. ಮಳಿಗಾಲ ಮುಗದು ಮತ್ತ ಮೊದಲಿಂದ.

ಒಂದು ಶ್ರಾವಣದಾಗ ನಾ ಅವರನ್ನ ಹುಡುಕ್ಕೋತ ಹತ್ತಿ ಕೂಡಿಡೋ ವಖಾರಿಗೆ ಹೋದೆ. ಮಧ್ಯಾಹ್ನ. ಹೊರಗ ಜಿಟಿಜಿಟಿ ಮಳಿ. ವಖಾರಿ ಬಾಗಲಾ ಅರ್ಧಾ ತಗದಿತ್ತು. ಒಳಗ ಗ್ವಾಡಿ ಎತ್ತರ ಒಟ್ಟಿದ ಅಂಡಿಗಿ, ಹತ್ತಿ ತುಂಬಿದ ದೊಡ್ಡ ಚೀಲ. ಮ್ಯಾಲಿನ ಕಿಂಡಿಯಿಂದ ಒಂದು ಕೋಲು ಬೆಳಕು ಬಿದ್ದಿತ್ತು, ಅದರಾಗ ಹತ್ತಿ ಎಳಿ ತೇಲಾಕತ್ತಿದ್ವು, ಮ್ಯಾಲ ಹೋಗಾಂಗಿಲ್ಲ, ಕೆಳಗ ಬರಾಂಗಿಲ್ಲ. ಆ ಬೆಳಕಿನ ನಡುವ ಕಾಕಾ ನಿಂತಿದ್ರು. ಕೈಯಾಗ ಬಡಿಗಿ ಇಲ್ಲ. ಮುಂದ ಚೆಂಡಿಲ್ಲ. ಖಾಲಿ ಕೈ ಜೋಡಿಸಿ ಬೀಸಾಕತ್ತಿದ್ರು. ಮೈ ಏಳಲಿಲ್ಲ. ತಲಿ ಅಳ್ಳಾಡಲಿಲ್ಲ. ಕೈ ಮ್ಯಾಲಿಂದ ಇಳದು, ನೆಲದ ಬಾಜೂಕ ಹಾದು, ಆ ಕಡಿ ಹೆಗಲಿಗೆ ಹೋಗಿ ತಣ್ಣಗಾತು. ಸುತ್ತಲಿನ ಹತ್ತಿ ಎಳಿ ಆ ಗಾಳಿಗೆ ಒಂದು ಸುತ್ತು ತಿರುಗಿದ್ವು. ಮುದುಕ ಸಾಹೇಬಾ ಹೆಂಗ ಬೀಸ್ತಿದ್ದ ನಾ ನೋಡಿಲ್ಲ. ಇದಕ್ಕಿಂತ ಚೆಂದ ಬೀಸಿರಾಕಿಲ್ಲ. ನಾ ಬಾಗಲದಾಗ ಎಷ್ಟು ಹೊತ್ತು ನಿಂತಿದ್ನೋ. ಕನಸೋ ನನಸೋ ಅನ್ನೂವಂಗ ಆಗಿತ್ತು. ಅವರನ್ನ ಕರೀದನ ತಿರುಗಿ ಬಂದೆ.

ಹಕೀಮರಿಗೆ ಹೇಳಿದೆ. ಅವರು ಗಡ್ಡಾ ತಿಕ್ಕೊಂಡು, “ಅಂದ್ರ ರೋಗ ಕೈಯಾಗಿಲ್ಲ” ಅಂದ್ರು.

ಮರುವರ್ಷ ಹೊಸಾ ಇಂಜಿನಿಯರ್ ಸಾಹೇಬಾ ಬಂದ. ಹರೇದಾವ, ನಗಮುಖ. ಮಡ್ಡಿ ದಾರೀಲೆ ಕುದರಿ ಮ್ಯಾಲ ಹೊಂಟಾವ ಕೆಂಪು ಅರಬಿ ಕೋಲು ನೋಡಿ, ಬಡಿಗಿ ಹಿಡದ ರುಮಾಲಿನ ಮುದುಕನ್ನ ನೋಡಿ ಇಳದ. ಹರಕು ಮುರಕು ಹಿಂದೂಸ್ತಾನಿಯೊಳಗ ಎಲ್ಲಾ ಕೇಳಿಕೊಂಡ. ಕಾಕಾ ಬೀಸಿ ತೋರಿಸಿದ್ರು. ಇಲಿ ಓಡ್ತು. ಸಾಹೇಬಾ ನಗಲಿಲ್ಲ, ಅದನ್ನ ನಾ ಮೆಚ್ಚಿದೆ. “ತಮ್ಮ ಬೀಸು ಚಲೋ ಐತಿ, ಒಂದ ತಪ್ಪು ಐತಿ. ಚೆಂಡನ್ನ ನೀವು ಎತ್ತಾಕ ಹೋಗ್ತೀರಿ. ಎತ್ತಬ್ಯಾಡ್ರಿ. ಬಡಿಗಿ ಕೆಳಗ ಹೋಗಿ ನೆಲಾ ಕಡಿಬೇಕು, ಅಂದ್ರ ಚೆಂಡು ತಾನ ಮ್ಯಾಲ ಹೋಗ್ತೈತಿ” ಅಂತ ಹೇಳಿದ. ಬಗ್ಗಿ ತಾನ ಬೀಸಿ, ಬಂಡಿಗಲ್ಲಿನ ನಡುವಿನ ಒಂದು ಮುಷ್ಟಿ ಮಣ್ಣು ಹಾರಿಸಿ ತೋರಿಸಿದ. ಹೊಂಡೂ ಮುಂದ ಕಡೀ ಮಾತು ಹೇಳಿದ: ಸಂಕ್ರಮಣದ ಹೊತ್ತಿಗೆ ಬಂಗಲೆ ಮೈದಾನದಾಗ ನನ್ನ ಕೂಡ ಒಂದು ಆಟ ಆಡ್ರಿ. ಆ ಹುಲ್ಲು ಭಾಳ ನಾಜೂಕು, ಆಟ ಬಲ್ಲಾವ್ರಿಗೆ ಅಷ್ಟ ಬಿಡೋ ರಿವಾಜ ಐತಿ. ನಿಮ್ಮ ಚೆಂಡು ಏಳಾಕ ಹತ್ತಿದ್ರ ಪ್ರತಿ ಐತವಾರ ಬರ್ರಿ, ಯಾರೂ ತಡಿಯಾಂಗಿಲ್ಲ.

ಅವತ್ತ ಸಂಜಿ ಕಾಕಾಗ ಊಟಾ ಸೇರಲಿಲ್ಲ. ಸಣ್ಣ ಹುಡುಗೂರಂಗ ಮನಿ ತುಂಬ ಓಡ್ಯಾಡಿದ್ರು. “ಹಸಿರಿನ ಮ್ಯಾಲ, ಮಾಸ್ತರ! ಪ್ರತಿ ಐತವಾರ! ಜೀವ ಹೋಗೂದರೊಳಗ ಒಮ್ಮಿ ನನ್ನ ಕೈಲೆ ಒಂದು ಚೆಂಡು ಏಳಬೇಕು ನೋಡ್ರಿ. ಏಳಬೇಕು, ಮ್ಯಾಲ ನಿಲ್ಲಬೇಕು. ನನಗ ಬ್ಯಾರೆ ಏನೂ ಬ್ಯಾಡ” ಅಂದ್ರು.

ತಿದ್ದಾಕ ಎಲ್ಲಾರೂ ಟೊಂಕಾ ಕಟ್ಟಿದ್ವಿ. ತಲಿ ಏಳಬಾರದು ಅಂತ ಹಕೀಮರು ರುಮಾಲಿನ ತುದಿಗೂ ಧೋತರದ ಗಂಟಿಗೂ ಒಂದು ದಾರ ಕಟ್ಟಿದ್ರು. ಮೈ ಎದ್ದಿತು, ದಾರ ಹರೀಲಿಲ್ಲ, ರುಮಾಲ ಬಿಚ್ಚಿತು. ಮೊಣಕಾಲು ಎದ್ದೇಳೂದು ತಪ್ಪಲಿ ಅಂತ ನಾ ಅವರ ಹಿಂದ ಕೂತು ಕಾಲು ಹಿಡಕೊಂಡೆ. ಮೈ ಎದ್ದಿತು, ನಾ ಹಿಂದಕ್ಕ ಬಿದ್ದೆ. ಕಾಕಾ ತಾವಾಗೇ ಉಸರು ಹಿಡದು ಬೀಸಿದ್ರು, ಉಸರು ಬಿಟ್ಟು ಬೀಸಿದ್ರು, ಣಮೋಕಾರ ಮಂತ್ರ ಹೇಳ್ಕೋತ ಬೀಸಿದ್ರು. ಇಲಿ, ಇಲಿ, ಇಲಿ. ಹಕೀಮರು ಬಡಿಗಿ ಒಗದು, “ಅರೆ ಸಾವಕಾರ್ರ, ನಿಮ್ಮ ಮೈಯಾಗ ಯಾವ ಜಿನ್ನ ಹೊಕ್ಕೈತ್ರಿ? ಕಡೀ ಗಳಿಗಿಯೊಳಗ ಯಾರು ಎತ್ತತಾರ ನಿಮ್ಮನ್ನ?” ಅಂದ್ರು.

ಉತ್ತರ ಕೊಟ್ಟಾವ್ರು ಕಾಕೂ. ಒಂದು ಸಂಜಿ ನಾನೂ ಹಕೀಮರೂ ಪಡಸಾಲ್ಯಾಗ ತಲಿಗೆ ಕೈ ಹಚ್ಚಿ ಕೂತಿದ್ವಿ. ಕಾಕೂ ನೀರು ಸೋಸಾಕತ್ತಿದ್ರು. ಕೊಡದ ಬಾಯಿಗೆ ದಪ್ಪ ಬಟ್ಟಿ ಹಾಸಿ, ಸೋಸಿದ ಮ್ಯಾಲ ಬಟ್ಟ್ಯಾಗ ಉಳಿದ ಸಣ್ಣ ಜೀವಾನ ಮತ್ತ ಬಾವಿಗೇ ಬಿಟ್ಟು ಬರಾವ್ರು. ಕೈ ಕೆಲಸ ಬಿಡದ ಅಂದ್ರು: “ನೀವು ಸುಮ್ಮನ ಒದ್ದ್ಯಾಡಾಕತ್ತೀರಿ. ಅವರು ನೆಲಕ್ಕ ಹೊಡಿಯಾಂಗಿಲ್ಲ.”

“ಅಂದ್ರ?” ಅಂದೆ.

“ಅಂದ್ರೇನು, ನಾ ಈ ಮನೀಗೆ ಬಂದಾಗಿಂದ ನೋಡೇನಿ. ಅಂಗಳದಾಗ ಒಂದು ಗೂಟಾ ಬಡಿಯಾಂಗಿಲ್ಲ ಮಾರಾಯ್ರು. ಇರಿವಿ ಸಾಲು ಕಂಡ್ರ ಅರ್ಧಾ ತಾಸು ನಿಂದರ್ತಾರ. ಕಣ್ಣಿಗೆ ಚೆಂಡು ಕಂಡ್ರೂ ಕೈಗೆ ಅದರ ಬುಡಕಿನ ಜೀವ ಕಾಣಸ್ತೈತಿ. ಅದಕ್ಕ ಕೈ ಎದ್ದು ಬರ್ತೈತಿ. ಸಾಹೇಬಾ ಅಂದನಲ್ಲ, ನೆಲಾ ಕಡೀರಿ ಅಂತ? ಆಗಾಂಗಿಲ್ಲ ಅದು.”

ಕಾಕಾ ಒಳಗಿಂದ ಎಲ್ಲಾ ಕೇಳಿಸಿಕೊಂಡಿದ್ರು. ಹೊರಗ ಬಂದ್ರು. “ಹೌದನ?” ಅಂತ ಕಾಕೂನ್ನ ಕೇಳಿದ್ರು, ತಮ್ಮ ಮೈಯಾಗಿನ ಸುದ್ದಿ ತಮಗ ಗೊತ್ತಿಲ್ಲದಾವ್ರಂಗ.

“ಹೌದಲ್ಲದ ಏನು” ಅಂದ್ರು ಕಾಕೂ.

ನಾ ತಿಳಕೊಂಡೆ, ಇಲ್ಲಿಗೆ ಆಟ ಮುಗೀತು ಅಂತ. ಮುಗೀಲಿಲ್ಲ. ಮರುದಿನದಿಂದ ಕಾಕಾ ವಖಾರಿ ಹೊಕ್ಕರು. ಒಂದು ಅಂಡಿಗಿ ಬಿಚ್ಚಿ ನೆಲದ ಮ್ಯಾಲ ಹತ್ತಿ ಹಾಸಿ ತುಳದು ದಮ್ಮಸು ಮಾಡಿದ್ರು. ಅದರ ಮ್ಯಾಲ ಚೆಂಡಿಟ್ಟು ಬೀಸಿದ್ರು. ಹತ್ತಿಯಾಗ ಯಾವ ಜೀವಾನೂ ಇಲ್ಲ. ಬಡಿಗಿ ಮೆತ್ತಗ ಒಳಗ ಇಳದು ಒಂದು ಉಂಡಿ ಹತ್ತಿ ಎಬ್ಬಿಸಿಕೊಂಡು ಹೊರಗ ಬರ್ತಿತ್ತು. ಚೆಂಡು ಎದ್ದು ಎದುರಿನ ಅಂಡಿಗಿಗೆ ಹೋಗಿ ಧಪ್ಪಂತ ಹುದಗ್ತಿತ್ತು. “ಕೈಗೆ ಇದು ಹತ್ತಿ, ಅದು ನೆಲ ಅನ್ನೋದು ಮರತು ಹೋಗಬೇಕು” ಅಂದ್ರು ನನಗ. ಮಾಗಿ ಚಳಿಯಾಗ ದಿನಾ ಮುಂಜಾನಿ, ದಿನಾ ಸಂಜಿ, ಬಿಳೇ ಧೂಳಿಯಾಗ ಮುಳುಗಿದ ಆ ಉದ್ದನ್ನ ಆಳು. ಮೀಸಿಗೆಲ್ಲಾ ಹತ್ತಿ. ಹಮಾಲರು ಬಾಗಲಾ ಇಣಕಿ ನೋಡಿ ಒಬ್ಬರ ಮಾರಿ ಒಬ್ಬರು ನೋಡ್ಕೋತಿದ್ರು.

ಸಂಕ್ರಮಣದ ಮುಂದ ಒಂದು ಐತವಾರ ಮಧ್ಯಾಹ್ನ ಸವಾರಿ ಗಾಡಿ ಹೂಡಿಸಿಕೊಂಡು ನಾವು ಮೂವರೂ ಬಂಗಲೆಗೆ ಹೋದ್ವಿ. ಕಾಕೂ ಸೋಸಿದ ನೀರಿನ ಒಂದು ತಂಬಿಗಿ ಬಾಯಿ ಕಟ್ಟಿ ಕೊಟ್ಟಿದ್ರು. ಬ್ಯಾರೆ ನೀರು ಕಾಕಾ ಮುಟ್ಟಾಂಗಿಲ್ಲ.

ಗೇಟ ದಾಟಿದ ಕೂಡ್ಲೆ ಕಾಕಾ ಜೋಡು ಬಿಟ್ಟರು. ಹುಲ್ಲಿನ ಮ್ಯಾಲ ಬರಿಗಾಲು ಇಟ್ಟು, ಕಣ್ಣು ಮುಚ್ಚಿ, ಒಂದಿಷ್ಟು ಹೊತ್ತು ನಿಂತ್ರು. ಕಾಲುವಿ ಕಡಿಂದ ತಂಪು ಗಾಳಿ. ದೂರದಾಗ ಧಬಧಬೆ ನೀರು ಬೀಳೂ ಸಪ್ಪಳ ಕೇಳಿದಂಗೂ ಆಗ್ತಿತ್ತು, ಕೇಳದಂಗೂ ಆಗ್ತಿತ್ತು. ಸಾಹೇಬಾ ಕಾದ. ಭಲೇ ಸಮಾಧಾನಿ.

ಆಟ ಸುರು ಆತು. ಮೊದಲ ಹೊಡೆತ ಇಲಿ. ಎರಡನೇದೂ ಇಲಿ. ಮುಂದಿನ ಕುಣಿ, ಅದರ ಮುಂದಿನ ಕುಣಿ, ಎಲ್ಲಾ ಕಡೆ ಅದ. ಹತ್ತಿ ಮ್ಯಾಲ ಕಲತದ್ದು ಹುಲ್ಲು ನೋಡಿದ ಕೂಡ್ಲೆ ಮರತುಬಿಟ್ಟಿದ್ರು. ಸಾಹೇಬಾ ಸಭ್ಯಸ್ತ, “ಪರವಾ ನಹೀಂ” ಅಂತಿದ್ದ. ಆದ್ರ ಅವನ ಮಾರಿ ನೋಡಿದ್ರ ಗೊತ್ತಾಗ್ತಿತ್ತು, ಇದು ಆಗೂ ಮಾತಲ್ಲ ಅಂತ. ಹಕೀಮರು ಹಲ್ಲು ಕಡೀತಿದ್ರು.

ಕಡೀ ಕುಣಿ ಒಂದು ನೀರಿನ ಹಳ್ಳದ ಆಚಿಗೆ ಇತ್ತು. ಹಳ್ಳದ ಈಚಿಗೆ, ಹಸೀ ಹುಲ್ಲಿನಾಗ, ಕಾಕಾನ ಚೆಂಡು. ಓಡಿಸಿದ್ರ ನೀರಾಗ ಬೀಳ್ತೈತಿ. ಎಬ್ಬಿಸಬೇಕು, ಬ್ಯಾರೆ ದಾರಿ ಇಲ್ಲ. ಸಾಹೇಬಾ ಬಾಜೂಕ ಬಂದು ಮೆಲ್ಲಕ, “ನೀಚೆ ಮಾರೋ, ಸೇಟ. ನೀಚೆ” ಅಂದ, ಕೆಳಗ ಹೊಡೀರಿ ಅಂತ.

ಕಾಕಾ ನನ್ನ ನೋಡಿದ್ರು. ಆ ನೋಟದಾಗ ಹೆದರಿಕಿ ಇತ್ತು, ಆಸೆ ಇತ್ತು. ಆಸೆನ ಹೆಚ್ಚಿತ್ತು. ಬೀಸಿದ್ರು.

ಬಡಿಗಿ ಮ್ಯಾಲ ಹೋತು, ಒಂದು ಉಸರು ನಿಂತಿತು, ಇಳೀತು. ಮೈ ಏಳಲಿಲ್ಲ. ಬಡಿಗಿ ನೆಲಕ್ಕ ಹೊಕ್ಕಿತು. ಅಂಥಾ ಸಪ್ಪಳ ಅವರ ಕೈಲೆ ನಾವು ಯಾವತ್ತೂ ಕೇಳಿರಲಿಲ್ಲ, ತುಂಬಿದ ಸಪ್ಪಳ. ಅಂಗೈ ಅಗಲದ ಹುಲ್ಲಿನ ಹೆಂಟಿ ಕಿತ್ತು ಮುಂದ ಬಿತ್ತು. ಚೆಂಡು ಎದ್ದಿತು! ನಾ ಕೂಗಿದೆ, ಹಕೀಮರು ಟೊಪ್ಪಿಗಿ ಹಾರಿಸಿ “ವಾ ಸಾವಕಾರ್ರ, ಶಾಬ್ಬಾಸ!” ಅಂತ ಕುಣದ್ರು, ಸಾಹೇಬಾ ಸಿಳ್ಳು ಹೊಡದ. ಇಳಿಬಿಸಲಾಗ ಆ ಚೆಂಡು ಬಂಗಾರ ಆಗಿತ್ತು. ಮ್ಯಾಲ ಹೋತು, ಹೋತು, ನಿಂತಿತು. ಕಾಕಾ ಹೇಳ್ತಿದ್ದರಲ್ಲ, ನನ್ನ ಹೆಸರ ಸುದ್ದಾ ಬ್ಯಾಡ ಅನಿಸ್ತು ಅಂತ, ನನಗೂ ಅವತ್ತ ಹಂಗ ಆತು ನೋಡ್ರಿ. ಹಳ್ಳಾ ದಾಟಿ ನಿಶಾನಿ ಬಾಜೂಕ ಹೋಗಿ ಬಿತ್ತು.

ಅಪ್ಪಿಕೊಳ್ಳಾಕಂತ ನಾ ತಿರುಗಿದೆ. ಕಾಕಾ ಮೊಣಕಾಲೂರಿ ಕೂತಿದ್ರು. ಚೆಂಡು ಹಾರಿದ್ದನ್ನ ಅವರು ನೋಡೇ ಇರಲಿಲ್ಲ.

ಹೆಂಟಿ ಕಿತ್ತ ಜಾಗಾದಾಗ ಒಂದು ಇರಿವಿ ಗೂಡು ತೆರೆದಿತ್ತು. ಸಣ್ಣ ಕರೇ ಇರಿವಿ ಬಿಳೇ ತತ್ತಿ ಕಚ್ಚಿಕೊಂಡು ದಿಕ್ಕಾಪಾಲು ಓಡಾಕತ್ತಿದ್ವು. ಕೆಲವು ಓಡ್ತಿರಲಿಲ್ಲ. ಕಾಕಾ ರುಮಾಲಿನ ತುದೀಲೆ ಅವನ್ನ ಒಂದೊಂದ ಸರಿಸಿ, ಹೆಂಟಿ ತಂದು, ಮಗುವಿಗೆ ದುಪ್ಪಡಿ ಹೊದಿಸಿದಂಗ ಮ್ಯಾಲ ಇಟ್ಟು, ಬೆರಳಲೆ ಸುತ್ತಲೂ ಒತ್ತಿದ್ರು. ಆಮ್ಯಾಲ ತಮ್ಮ ತಂಬಿಗಿ ಬಾಯಿ ಬಿಚ್ಚಿ, ಸೋಸಿದ ನೀರು ಅಷ್ಟೂ ಹುಲ್ಲಿನ ಬೇರಿಗೆ ಹನಿಹನಿಯಾಗಿ ಬಿಟ್ಟರು. ಸಾಹೇಬಾ ದೂರ ನಿಂತು ಟೊಪ್ಪಿಗಿ ತಗದ. ಅವನಿಗೇನು ತಿಳೀತೋ ಏನೋ. ಕಾಕಾ ಎದ್ದ ಮ್ಯಾಲ ಕೈ ಕುಲಕಿ, “ಹರ್ ಇತವಾರ, ಸೇಟ. ಜರೂರ” ಅಂದ. ಕಾಕಾ ಎರಡೂ ಕೈ ಜೋಡಿಸಿದ್ರು.

ಗಾಡಿ ಗೋಕಾಕದ ಕಡೆ ಹೊಂಟಿತು. ಹೊತ್ತು ಮುಣುಗಿತು. ಕಾಕಾನ ತುಟಿ ಒಣಗಿದ್ವು. ತಂಬಿಗಿ ಖಾಲಿ, ಇನ್ನ ನಾಳೆ ಮುಂಜಾನೀತನಕ ಅವರು ನೀರು ಕುಡಿಯಾಂಗಿಲ್ಲ. ಹಕೀಮರು ಮಾತ್ರ ಇನ್ನೂ ಅದ ಗುಂಗಿನಾಗಿದ್ರು. “ಮುಂದಿನ ಐತವಾರ ಎಷ್ಟೊತ್ತಿಗೆ ಹೊಂಡೂದು, ಸಾವಕಾರ್ರ?” ಅಂತ ಕೇಳಿದ್ರು.

“ನಾ ಬರಾಂಗಿಲ್ಲೋ” ಅಂದ್ರು ಕಾಕಾ.

ನನಗ ತಡಿಲಿಲ್ಲ. “ಇರಿವಿ ಸತ್ವು ಅಂತ ಹಿಂಗ ಮಾಡ್ತೀರೇನ್ರಿ ಕಾಕಾ? ಬೇಕಂತ ಹೊಡದೀರೇನು? ಇಷ್ಟು ವರ್ಷದ ಆಸೆ! ನಮ್ಮ ಗಾಡಿ ಗಾಲಿ ಬುಡಕನೂ ಸಾಯ್ತಾವಲ್ರಿ” ಅಂದೆ, ಸಿಟ್ಟಲೇನ ಅಂದೆ.

ಕಾಕಾ ತಮ್ಮ ಅಂಗೈ ಎರಡೂ ಮುಂದ ಹಿಡಕೊಂಡು ನೋಡಿದ್ರು. ಎತ್ತಿನ ಗೆಜ್ಜಿ ಸಪ್ಪಳದಾಗ ಅವರ ದನಿ ಕೇಳೂದ ಕಷ್ಟ ಇತ್ತು.

“ಅದಕ್ಕಲ್ರಿ ಮಾಸ್ತರ. ಬಡಿಗಿ ನೆಲಕ್ಕ ಹೊಕ್ಕಾಗ ಕೈಗೆ ಎಷ್ಟು ಹಿತಾ ಆತು ಅಂತೀರಿ. ಜನ್ಮದಾಗ ಅಂಥಾ ಹಿತಾ ಆಗಿದ್ದಿಲ್ಲ. ಇರಿವಿ ನೋಡಿದ ಮ್ಯಾಲೂ ಅದು ಹೋಗವಲ್ದು. ಈಗೂ ಐತಿ ನೋಡ್ರಿ ಇಲ್ಲೆ, ಕೈಯಾಗ.”